ಸಂಜೆ ಆರರ ಮೇಲಿನ ಅರ್ಜೆಂಟು

ಮೊದಲು ಒಂದು ತಪ್ಪೊಪ್ಪಿಗೆ. ಎರಡು ತಿಂಗಳ ಹಿಂದೆ ಒಂದು ಸಂಜೆ ನಾನು ನನ್ನ ಮೊಬೈಲನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದು, ಮುಚ್ಚಳ ಬಿಗಿದು, ಅಡುಗೆಮನೆಯ ಬಾಗಿಲು ಎಳೆದುಕೊಂಡು ಬಂದು ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತೆ. ಏನೋ ಭಾರಿ ಸಾಹಸ ಮಾಡಿದ ಖುಷಿ! ಆ ಖುಷಿ ಮೂರು ನಿಮಿಷ ಬಾಳಿತು. ನಾಲ್ಕನೆಯ ನಿಮಿಷಕ್ಕೆ ಡಬ್ಬಿ ಗುರ್ ಎಂದಿತು. ಐದನೆಯ ನಿಮಿಷಕ್ಕೆ ನಾನು ಮೊಣಕೈವರೆಗೆ ಹಿಟ್ಟು ಮಾಡಿಕೊಂಡು, ಬೆಳ್ಳಗಾದ ಫೋನನ್ನು ಕಿವಿಗೆ ಹಿಡಿದು, "ಹೇಳ್ರಿ ಸಾವ್ಕಾರ್ರೆ" ಎನ್ನುತ್ತಿದ್ದೆ. ಮರುದಿನ ನನ್ನ ಯಜಮಾನರು ರೊಟ್ಟಿ ಮುರಿಯುತ್ತ, "ಇವತ್ತ ರೊಟ್ಟಿಯೊಳಗ ಟವರ್ ಭಾರಿ ಹಿಡದದ ನೋಡು" ಎಂದರು.

ಅಂಥ ನಾನು ನಿನ್ನೆ ಸಂಜೆಯಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಆದದ್ದನ್ನು ಯಾರಿಗಾದರೂ ಹೇಳದೆ ಇದ್ದರೆ ಹೊಟ್ಟೆ ಉಬ್ಬಿಹೋಗುತ್ತದೆ. ಯಜಮಾನರಿಗೆ ಹೇಳೋಣವೆಂದರೆ ಅವರು ಡ್ಯೂಟಿಗೆ ಹೋಗಿದ್ದಾರೆ. ಹಾಗಾಗಿ ನೀವು ಸಿಕ್ಕಿದ್ದೀರಿ. ಒಂದು ಚಹಾ ಮುಗಿಯುವಷ್ಟು ಹೊತ್ತು ಕೂತುಕೊಳ್ಳಿ, ಎಲ್ಲ ಹೇಳುತ್ತೇನೆ.

ನಾನು ಇರುವುದು ವಾಡಿಯಲ್ಲಿ, ದುಡಿಯುವುದು ಶಹಾಬಾದದ ಒಂದು ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ. ಮುಂಜಾನೆ ಪ್ಯಾಸೆಂಜರಿಗೆ ಹೋಗುವುದು, ಸಂಜೆ ಸಿಕ್ಕ ಗಾಡಿಗೆ ಬರುವುದು. ಹತ್ತೊಂಬತ್ತು ವರ್ಷ ಹೀಗೇ ನಡೆದಿದೆ. ನನ್ನ ಕೆಲಸವೇನೆಂದು ಕೇಳಿದ ನೆಂಟರೆಲ್ಲ ನಗುತ್ತಾರೆ. ಕಲ್ಲಿನ ಬಣ್ಣ ನೋಡುವುದು ನನ್ನ ಕೆಲಸ. ನಗಬೇಡಿ. ಶಹಾಬಾದದ ಕಲ್ಲೆಂದರೆ ಎಲ್ಲವೂ ಒಂದೇ ಬೂದಿ ಬಣ್ಣ ಎಂದು ತಿಳಿದವರು ಅದರ ಮೇಲೆ ನಡೆದಿದ್ದಾರೆಯೇ ಹೊರತು ನೋಡಿಲ್ಲ. ಗಣಿಯಲ್ಲಿ ಅದು ಪದರು ಪದರಾಗಿ ಏಳುತ್ತದೆ. ಒಂದು ಪದರು ನೀಲಿ, ಅದರ ಕೆಳಗಿನದು ತುಸು ಹಸಿರು, ಇನ್ನೊಂದಕ್ಕೆ ಮಣ್ಣಿನ ಛಾಯೆ. ಒಂದು ಮನೆಯ ನೆಲಕ್ಕೆ ಹೋಗುವ ಕಲ್ಲೆಲ್ಲ ಒಂದೇ ಛಾಯೆಯದಾಗಿರಬೇಕು. ಆ ಜೋಡಣೆ ಮಾಡಿ, ಹಿಂಬದಿಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಲಾರಿಗೆ ಬಿಡುವವಳು ನಾನು.

ಈ ಕೆಲಸಕ್ಕೆ ಒಂದೇ ಒಂದು ನಿಯಮವಿದೆ. ಪಾಲಿಶ್ ಮಶೀನಿಗೆ ನೀರು ಬಿಟ್ಟೇ ಉಜ್ಜುವುದರಿಂದ ಕಲ್ಲು ಹೊರಬರುವಾಗ ಒದ್ದೆಯಾಗಿರುತ್ತದೆ. ಒದ್ದೆ ಕಲ್ಲೆಲ್ಲ ನೀಲಿಯೇ! ಒದ್ದೆಯಲ್ಲಿ ಎಲ್ಲವೂ ಅಣ್ಣತಮ್ಮಂದಿರು, ಒಣಗಿದ ಮೇಲೆ ಗೊತ್ತಾಗುತ್ತದೆ ಯಾರು ಯಾರ ಪೈಕಿ ಎಂದು. ಅದಕ್ಕೇ ಕಲ್ಲನ್ನು ಗೋಡೆಗೆ ಒರಗಿಸಿ ರಾತ್ರಿಯಿಡೀ ಆರಲು ಬಿಟ್ಟು, ಮುಂಜಾನೆ ಬಿಸಿಲು ಏರುವ ಮೊದಲು ಶೆಡ್ಡಿನ ನೆರಳಿನಲ್ಲಿ ನಿಂತು ಬಣ್ಣ ನೋಡಬೇಕು. ಅವಸರದಲ್ಲಿ ಒದ್ದೆ ಕಲ್ಲು ನೋಡಿ ಹೂಂ ಎಂದವನು ಕೆಟ್ಟ. ಈ ಪಾಠ ನನಗೆ ಕಲಿಸಿದವರು ನಮ್ಮ ಪಾಲಿಶ್ ಮಿಸ್ತ್ರಿ ಖಾಜಾಭಾಯಿ. ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿಸಿದರು.

ಹತ್ತೊಂಬತ್ತು ವರ್ಷದಲ್ಲಿ ನನ್ನ ಕಣ್ಣಿಗೆ ಒಂದು ಹೆಸರು ಬಂದಿತ್ತು. ಸೇಡಂ, ಚಿಂಚೋಳಿ ಕಡೆಯ ಗಿರಾಕಿಗಳು, "ಸುನಂದಾಬಾಯಿ ನೋಡ್ಯಾರೇನ್ರಿ?" ಎಂದು ಕೇಳಿ, ಹೌದೆಂದರೆ ಮತ್ತೆ ಕಲ್ಲು ನೋಡುತ್ತಲೇ ಇರಲಿಲ್ಲ. ಇದನ್ನು ಹೇಳಿಕೊಳ್ಳುವಾಗ ನನಗೆ ಸ್ವಲ್ಪ ಜಂಬ ಬರುತ್ತದೆ. ಬರಲಿ, ಮುಂದೆ ಅದು ಹೇಗೂ ಇಳಿಯುವುದಿದೆ.

ಇಂಥ ಕಣ್ಣಿನ ಬಾಳಿಗೆ ಫೋನು ಬಂತು. ಬಂದದ್ದು ಒಂದೇ ಫೋನಾದರೂ ಅದರ ಹೊಟ್ಟೆಯಲ್ಲಿ ಹುಟ್ಟಿದ್ದು ನಾಲ್ಕು ಗ್ರೂಪು. ಪಾಲಿಶ್ ಗ್ರೂಪ್, ಲೋಡಿಂಗ್ ಗ್ರೂಪ್, ಗಣಿ ಗ್ರೂಪ್, ಅರ್ಜೆಂಟ್ ಗ್ರೂಪ್. ಇವುಗಳಲ್ಲಿ ಗುಲಾಬಿ ಹೂವು, ಉದಯಿಸುವ ಸೂರ್ಯ, ಹಬೆಯಾಡುವ ಚಹಾದ ಕಪ್ಪು ಎಲ್ಲ ಬರುವುದು ಅರ್ಜೆಂಟ್ ಗ್ರೂಪಿನಲ್ಲಿ. ನಿಜವಾದ ಅರ್ಜೆಂಟು ಮಾತ್ರ ನೇರವಾಗಿ ನನಗೇ ಬರುತ್ತದೆ, ಅದೂ ಸಂಜೆ ಆರರ ಮೇಲೆ. ಕಾರ್ಖಾನೆಯ ಮಾಲೀಕರಾದ ಗುರುಬಸಪ್ಪ ಸಾವುಕಾರರಿಗೆ ಹಗಲಿಡೀ ನೆನಪಾಗದ ಕೆಲಸಗಳೆಲ್ಲ, ಮನೆಗೆ ಹೋಗಿ ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ ಎದ್ದ ಕೂಡಲೆ ಸಾಲಾಗಿ ನೆನಪಾಗುತ್ತವೆ.

ಸಾವುಕಾರರು ಎಪ್ಪತ್ತು ದಾಟಿದ ಸಜ್ಜನರು, ಅಕ್ಷರ ಒತ್ತುವ ಸಹನೆ ಅವರಿಗಿಲ್ಲ. ಧ್ವನಿ ಕಳಿಸುತ್ತಾರೆ. ಅದರಲ್ಲಿ ಮೊದಲು ಒಂದು ಕೆಮ್ಮು, ಆಮೇಲೆ ಚಹಾ ಸುರಿದ ಸಪ್ಪಳ, ಆಮೇಲೆ "ಸುನಂದವ್ವಾ, ಏನಿಲ್ಲ..." ಎಂಬ ಪೀಠಿಕೆ. ಆ "ಏನಿಲ್ಲ" ಎಂಬುದನ್ನು ಕೇಳಿದರೆ ನಾನು ಕೈಲಿದ್ದ ಕೆಲಸ ಕೆಳಗಿಡುತ್ತೇನೆ. ಏನೂ ಇಲ್ಲದೆ ಯಾರೂ ಏನಿಲ್ಲ ಎನ್ನುವುದಿಲ್ಲ. ಒಂದೂವರೆ ನಿಮಿಷದ ಆ ಪ್ರವಚನದ ಕಟ್ಟಕಡೆಯಲ್ಲಿ ವಿಷಯ ಇರುತ್ತದೆ. ಕೊನೆಗೆ, "ಪುರುಸೊತ್ತ ಇದ್ದಾಗ ನೋಡು, ಗಡಿಬಿಡಿ ಇಲ್ಲ." ಲೋಕದಲ್ಲಿ ಇದಕ್ಕಿಂತ ಮೋಸದ ಮಾತು ಇನ್ನೊಂದಿಲ್ಲ. ಅದನ್ನು ಕೇಳಿದ ಕ್ಷಣವೇ ಇದ್ದ ಪುರುಸೊತ್ತು ಕೂಡ ಹೊರಟುಹೋಗುತ್ತದೆ.

ಹಾಗಂತ ತಪ್ಪೆಲ್ಲ ಅವರದೇ ಎಂದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ನನಗೂ ಅದರ ರುಚಿ ಹತ್ತಿತ್ತು. ಇಡೀ ಕಾರ್ಖಾನೆಯಲ್ಲಿ ಎಲ್ಲರಿಗಿಂತ ಮೊದಲು ಉತ್ತರ ಕೊಡುವವಳು ನಾನು! ಹೆಬ್ಬೆರಳ ಚಿತ್ರ ಒತ್ತುವುದರಲ್ಲಿ ನನ್ನ ಸರಿಸಮ ಯಾರೂ ಇರಲಿಲ್ಲ. ಕೂಸಿನ ಕೂದಲು ತೆಗೆಯುವ ಜವಳದಲ್ಲಿ ಒತ್ತಿದ್ದೇನೆ, ಗುಂಡಗುರ್ತಿಯಿಂದ ಬರುವ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ಒತ್ತಿದ್ದೇನೆ, ಸತ್ತವರ ಮನೆಯಲ್ಲಿ ಮಾತಾಡಿಸಲು ಕೂತಾಗ ಸೆರಗಿನ ಮರೆಯಲ್ಲಿ ಒತ್ತಿದ್ದೇನೆ. ಜಲ್ದಿ ಉತ್ತರ ಕೊಟ್ಟವಳೇ ಛಲೋ ಕೆಲಸಗಾರ್ತಿ ಎಂದು ಸಾವುಕಾರರೂ ನಂಬಿದ್ದರು, ನಾನೂ ನಂಬಿದ್ದೆ. ಹೆಬ್ಬೆರಳು ಓಡಿದಷ್ಟೂ ಕಣ್ಣು ಮಂದವಾಗುತ್ತಿದೆ ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಹೊಳೆದದ್ದು ಯಜಮಾನರಿಗೆ. ಅವರು ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ನೌಕರರು. ದೂರದಿಂದ ಗಾಡಿ ತಂದ ಡ್ರೈವರುಗಳು ಮಲಗಲೆಂದೇ ಅಲ್ಲಿ ಒಂದು ಕಟ್ಟಡವಿದೆ. ಅದರ ಮುಂದೆ ಯಾರೂ ಜೋರಾಗಿ ಮಾತಾಡುವಂತಿಲ್ಲ. ಡ್ರೈವರ್ ಎಷ್ಟು ಹೊತ್ತು ದುಡಿದ ಎಂಬುದಷ್ಟೇ ಅಲ್ಲ, ಎಷ್ಟು ಹೊತ್ತು ಮಲಗಿದ ಎಂಬುದನ್ನೂ ಬರೆದಿಡುತ್ತಾರಂತೆ. ಯಾಕೆಂದರೆ ನಿದ್ದೆಗೆಟ್ಟ ಕಣ್ಣಿಗೆ ಕೆಂಪು ದೀಪ ಕಂಡರೂ ಕಂಡಂತಲ್ಲ. ಇದನ್ನೆಲ್ಲ ವಿವರಿಸಿ ಯಜಮಾನರು ಒಮ್ಮೆ, "ನೀ ಮನಿಗಿ ಬಂದೀ ಖರೇ, ಆದ್ರ ಇನ್ನಾ ಬಾಗಲದಾಗೇ ನಿಂತೀದಿ. ಒಳಗ ಬಾ" ಎಂದರು. ನಾನು, "ಒಂದ ನಿಮಿಷ ತಡೀರಿ" ಎಂದು ಫೋನು ನೋಡುತ್ತಲೇ ಹೇಳಿದೆ. ಕಲ್ಲಿನ ಬಣ್ಣ ತಪ್ಪಿದರೆ ಯಾರೂ ಹಳಿ ತಪ್ಪುವುದಿಲ್ಲವಲ್ಲ ಎಂಬ ಧೈರ್ಯ ನನ್ನದು.

ಇಲ್ಲಿ ನಮ್ಮಪ್ಪನನ್ನು ನೆನೆಯದೆ ಮುಂದೆ ಹೋಗಲಾರೆ. ಅಪ್ಪ ಶಹಾಬಾದದ ಹಳೆಯ ಸಿಮೆಂಟ್ ಕಾರ್ಖಾನೆಯಲ್ಲಿ ದುಡಿದವರು. ಆಗ ಭೋಂಗಾ ಎಂಬುದೊಂದಿತ್ತು. ಪಾಳಿ ಮುಗಿಯಿತೆಂದು ಕಾರ್ಖಾನೆ ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಅದು ಕೂಗಿದ ಮೇಲೆ ಅಪ್ಪ ಖಾಕಿ ಅಂಗಿ ತೆಗೆದು ಗೂಟಕ್ಕೆ ಹಾಕಿದರೆ, ದೊಡ್ಡ ಸಾಹೇಬರೇ ಬಂದರೂ ಅದು ಗೂಟದಿಂದ ಇಳಿಯುತ್ತಿರಲಿಲ್ಲ. ಆಮೇಲೆ ಅವರು ನಮ್ಮನ್ನು ಕರೆದುಕೊಂಡು ಕಾಗಿಣಾ ಹೊಳೆಯ ಕಡೆ ಹೋಗುತ್ತಿದ್ದರು, ಇಲ್ಲವೇ ಭಜನೆಯಲ್ಲಿ ತಾಳ ಹಿಡಿದು ಕೂರುತ್ತಿದ್ದರು. ಅವರ ಕಾಲದಲ್ಲಿ ಸಪ್ಪಳವಾದರೆ ಕೆಲಸ ಮುಗಿಯುತ್ತಿತ್ತು, ನನ್ನ ಕಾಲದಲ್ಲಿ ಸಪ್ಪಳವಾದರೆ ಕೆಲಸ ಶುರುವಾಗುತ್ತದೆ. ನಡುವೆ ಏನಾಯಿತೋ ದೇವರೇ ಬಲ್ಲ.

ಇನ್ನೂ ಹಿಂದಕ್ಕೆ ಹೋಗಿ. ನಮ್ಮ ಸೇಡಂ ತಾಲೂಕಿನ ಮಳಖೇಡದಲ್ಲಿ ಕೂತು ರಾಷ್ಟ್ರಕೂಟರು ಅಷ್ಟು ದೊಡ್ಡ ರಾಜ್ಯ ಆಳಿದರು. ಅರಸನಿಗೆ ಊಟದ ನಡುವೆ ಏನೋ ನೆನಪಾಯಿತು ಎನ್ನಿ. ಓಲೆ ಬರೆಯಿಸಬೇಕು, ಅದನ್ನು ಮಡಿಸಬೇಕು, ಮುದ್ರೆ ಒತ್ತಬೇಕು, ಕುದುರೆಗೆ ಜೀನು ಹಾಕಬೇಕು, ಹೊಳೆ ತುಂಬಿದ್ದರೆ ಇಳಿಯುವವರೆಗೆ ಕಾಯಬೇಕು. ಇಷ್ಟರಲ್ಲಿ ಅರಸನಿಗೇ ಅನಿಸಿರಬೇಕು, ಬಿಡು, ಅಂಥ ಅರ್ಜೆಂಟೇನಲ್ಲ ಎಂದು. ಎಷ್ಟೋ ದಂಡಯಾತ್ರೆಗಳು ಹೀಗೆ ತುಂಬಿದ ಹೊಳೆಯಿಂದಾಗಿಯೇ ತಪ್ಪಿರಬಹುದು ಎಂಬುದು ನನ್ನ ಸಂಶೋಧನೆ. ಇತಿಹಾಸದ ಮೇಷ್ಟ್ರುಗಳು ಒಪ್ಪದಿದ್ದರೆ ನನ್ನ ತಕರಾರಿಲ್ಲ. ಸಾವುಕಾರರಿಗೂ ನನಗೂ ನಡುವೆ ಒಂದು ಹೊಳೆ ಇರಲಿಲ್ಲ, ಅಷ್ಟೇ ನನ್ನ ದುಃಖ.

ಈಗ ಅನಾಹುತಕ್ಕೆ ಬರುತ್ತೇನೆ. ಚಿತ್ತಾಪುರದಲ್ಲಿ ನನ್ನ ತಂಗಿಯ ಮಗಳ ಕುಬಸ. ಬಸುರಿ ಹುಡುಗಿಗೆ ಹಸಿರು ಸೀರೆ ಉಡಿಸಿ, ಮಣೆಯ ಮೇಲೆ ಕೂರಿಸಿ, ನಾನು ಆರತಿ ತಟ್ಟೆ ಎತ್ತಿದ್ದೇನೆ; ಸಂಜೆ ಆರೂವರೆ. ಫೋನು ಗುರ್ ಎಂದಿತು. "ಸುನಂದವ್ವಾ, ಏನಿಲ್ಲ... ಚಿಮ್ಮನಚೋಡದ ಆರ್ಡರಿಂದು ಲಾರಿ ಇವತ್ತೇ ಬಂದದ. ಬಣ್ಣ ನೋಡಿದ್ರ ಲೋಡ್ ಮಾಡಸ್ತೀನಿ." ಅರ್ಧ ಕಲ್ಲನ್ನು ನಾನು ಹಿಂದಿನ ದಿನವೇ ನೋಡಿ ಇಟ್ಟಿದ್ದೆ. ಇನ್ನರ್ಧ ಆ ಮಧ್ಯಾಹ್ನ ಮಶೀನಿನಿಂದ ಇಳಿದಿತ್ತು. ಆರತಿ ತಟ್ಟೆಯನ್ನು ಪಕ್ಕದವರಿಗೆ ಕೊಟ್ಟು ಹೊರಗೆ ಬಂದೆ, ಖಾಜಾಭಾಯಿಗೆ ಹೇಳಿ ಫೋಟೋ ತರಿಸಿಕೊಂಡೆ, ಪೆಂಡಾಲಿನ ಬಣ್ಣದ ದೀಪಗಳ ಕೆಳಗೆ ನಿಂತು ನೋಡಿದೆ. ನೀಲಿ! ಅಪ್ಪಟ ನೀಲಿ! ಹೆಬ್ಬೆರಳು ಒತ್ತಿದೆ. ಒಳಗೆ ಬಂದಾಗ ಆರತಿ ಮುಗಿದು ಹೆಂಗಸರು ಸೋಬಾನೆ ಹಾಡುತ್ತಿದ್ದರು.

ಹತ್ತೊಂಬತ್ತು ವರ್ಷದ ಕಣ್ಣು ಒದ್ದೆ ಕಲ್ಲು ನೋಡಿ ಹೂಂ ಎಂದಿತ್ತು. ಮೊದಲ ವಾರದ ಪಾಠ! ಹದಿನೈದು ದಿನದ ಮೇಲೆ ಚಿಮ್ಮನಚೋಡದ ಗಿರಾಕಿಯ ಫೋನು ಬಂತು. ಅವರೊಬ್ಬ ನಿವೃತ್ತ ಶಿಕ್ಷಕಿ, ಜೀವಮಾನವೆಲ್ಲ ಬಾಡಿಗೆ ಮನೆಯಲ್ಲಿದ್ದು ಈಗ ಸ್ವಂತ ಮನೆ ಕಟ್ಟಿಸಿದವರು. "ಸುನಂದಾಬಾಯಿ, ನನ್ನ ಪಡಸಾಲಿ ಅರ್ಧ ಆಕಾಶ, ಅರ್ಧ ಹೊಲ ಆಗ್ಯಾದರಿ. ಬಂದವರೆಲ್ಲ ಎರಡು ಮನಿ ಕೂಡಿಸೀರೇನು ಅಂತ ಕೇಳ್ಲಿಕತ್ತಾರ" ಎಂದರು. ಬೈದಿದ್ದರೆ ಬೇಕಿತ್ತು, ಅವರು ನಕ್ಕರು. ನಕ್ಕು, ಗೃಹಪ್ರವೇಶ ಮುಂದಕ್ಕೆ ಹಾಕಿದ್ದೇನೆ ಎಂದರು.

ಅರ್ಧ ನೆಲ ಕಿತ್ತು ಬೇರೆ ಕಲ್ಲು ಹಾಕಿಸಿದ್ದಾಯಿತು. ಕಿತ್ತ ಕಲ್ಲೆಲ್ಲ ಗೇಟಿನ ಒಳಗೆ ಬಂದು ಬಿದ್ದ ದಿನ ಸಾವುಕಾರರು ನನ್ನನ್ನು ಕರೆಸಿದರು. "ಸುನಂದವ್ವಾ, ಇನ್ನೊಂದು ಸಲ ಕಲ್ಲು ವಾಪಸ್ ಬಂತಂದ್ರ ಬಣ್ಣದ ಕೆಲಸ ಬ್ಯಾರೇದವರಿಗಿ ಕೊಡ್ತೀನಿ. ನೀ ಗೇಟಿನ್ಯಾಗ ಕುಂತು ಲಾರಿ ನಂಬರ್ ಬರಿ" ಎಂದರು. ಸಿಟ್ಟಿನಿಂದಲ್ಲ, ಬೇಸರದಿಂದ ಹೇಳಿದರು, ಅದಕ್ಕೇ ಜಾಸ್ತಿ ಚುಚ್ಚಿತು. ಗೇಟು ಕೆಟ್ಟ ಜಾಗವಲ್ಲ, ನೆರಳಿದೆ, ಫ್ಯಾನಿದೆ. ಆದರೆ ಮುಂಜಾನೆಯ ಆ ತಂಪು ಬೆಳಕಿನಲ್ಲಿ ಕಲ್ಲುಗಳ ಸಾಲಿನ ಮುಂದೆ ನಿಲ್ಲುವುದನ್ನು ಬಿಟ್ಟು ನಾನು ಯಾರು? ಬರೀ ಟಿಕೆಟು ತೆಗೆದು ರೈಲು ಹತ್ತುವ ಹೆಂಗಸು. ನನ್ನ ಕಣ್ಣು ನನ್ನಿಂದ ಹೋಗುತ್ತದೆ ಎಂದು ಗಾಬರಿಯಾಯಿತು.

ಗಾಬರಿಯಲ್ಲಿ ಧೈರ್ಯ ಎಲ್ಲಿಂದ ಬಂತೋ! "ಸಾವ್ಕಾರ್ರೆ, ಒಂದು ತಿಂಗಳು ಕೊಡ್ರಿ. ಆರು ಹೊಡದ ಮ್ಯಾಲ ಫೋನ್ ಇಲ್ಲ, ಮೆಸೇಜ್ ಇಲ್ಲ. ಹಗಲ ನಾ ನಿಮ್ಮಾಕಿ, ಸಂಜಿ ನಾ ನಮ್ಮ ಮನಿಯಾಕಿ. ಆ ತಿಂಗಳದಾಗ ಒಂದು ಕಲ್ಲು ವಾಪಸ್ ಬರ್ಲಿ, ನಾನೇ ಹೋಗಿ ಗೇಟಿನ್ಯಾಗ ಕುಂದರ್ತೀನಿ" ಎಂದೆ.

ಸಾವುಕಾರರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮತ್ತ ಅರ್ಜೆಂಟ್ ಏನರೆ ಬಂದ್ರ? ಬೆಂಕಿ ಬಿದ್ರ?"

"ಕಲ್ಲಿಗಿ ಬೆಂಕಿ ಬೀಳ್ತದೇನ್ರಿ?"

ಪಕ್ಕದಲ್ಲಿ ನಿಂತಿದ್ದ ಖಾಜಾಭಾಯಿ ನಗು ತಡೆಯಲಾರದೆ ಹೊರಗೆ ಹೋದರು. ಸಾವುಕಾರರು ಕನ್ನಡಕ ಮತ್ತೆ ಏರಿಸಿ, "ಹೌದಲ್ಲ, ಕಲ್ಲು ಎಲ್ಲಿ ಹೋಗ್ತದ" ಎಂದರು. ಒಪ್ಪಂದವಾಯಿತು!

ಮೊದಲ ವಾರ ಅವರ ಪಾಡು ನೋಡಲಾಗದು. ಆರು ಗಂಟೆ ಐದು ನಿಮಿಷಕ್ಕೆ ಒಂದು ಧ್ವನಿ ಬರುತ್ತಿತ್ತು, ಕೇಳುವ ಮೊದಲೇ ಅಳಿಸಿಹೋಗುತ್ತಿತ್ತು. ಪ್ರತಿ ಸಂಜೆ ಅಳಿಸಿದ ಗುರುತುಗಳದೇ ಒಂದು ಸಾಲು. ಎರಡನೆಯ ವಾರ ಬರೀ ಹೂವು ಬರತೊಡಗಿತು, ಗುಲಾಬಿ, ಸೇವಂತಿಗೆ, ಕಮಲ. ಹೂವಿನ ಕೆಳಗೆ ಕಾಯಕದ ಮಹಿಮೆ ಸಾರುವ ಎರಡು ಸಾಲು. ಮುಂಜಾನೆ ಕೇಳಿದರೆ, "ಹೂವು ಕೆಲಸ ಅಲ್ಲಲ್ಲವ್ವ" ಎಂದರು. ಕಾಯಕದ ಮಹಿಮೆ ನನಗೂ ಗೊತ್ತು. ಬಸವಣ್ಣನವರ ಹಾದಿಯಲ್ಲೇ ಬೆಳೆದ ಮನೆ ನಮ್ಮದು. ಆದರೆ ಆ ಶರಣರು ಹಗಲು ಕಾಯಕ ಮುಗಿಸಿ, ಎದ್ದು ಬಂದು, ಒಂದೆಡೆ ಕೂತು ಮಾತಾಡುತ್ತಿದ್ದರಲ್ಲ? ಕೂತವರ ಕಿವಿಗೆ ಯಾರೂ ಮಗ್ಗವನ್ನು ಕಟ್ಟಿ ಕಳಿಸಿರಲಿಲ್ಲ. ಇದನ್ನು ಸಾವುಕಾರರಿಗೆ ಹೇಳಿದೆ. ಮೂರನೆಯ ವಾರ ಹೂವೂ ನಿಂತಿತು.

ನನ್ನ ಪಾಡೂ ಏನು ಕಡಿಮೆಯಲ್ಲ. ಗುರ್ ಎನ್ನದ ಫೋನನ್ನು ಎತ್ತಿ ಎತ್ತಿ ನೋಡುತ್ತಿದ್ದೆ. ಬಾರದ ಮೆಸೇಜು ಬಂದಂತೆ ತೊಡೆ ನಡುಗುತ್ತಿತ್ತು. ಆಮೇಲೆ ಮೆಲ್ಲಗೆ ಹಿಡಿತ ಬಂತು. ನಾಳೆ ಆಗಬೇಕಾದ್ದನ್ನು ಏಳು ಗಂಟೆಯೊಳಗೆ ಖಾಜಾಭಾಯಿಗೆ ತಿಳಿಸಿಬಿಟ್ಟು, ಮನಸ್ಸು ಹಗುರ ಮಾಡಿಕೊಂಡು, ಯಜಮಾನರ ಎದುರು ಊಟಕ್ಕೆ ಕೂರುತ್ತಿದ್ದೆ. ಅವರು ಹೇಳುವ ರೈಲಿನ ಕತೆಗಳನ್ನು ಪೂರ್ತಿ ಕೇಳಿದೆ. ಇಷ್ಟು ವರ್ಷ ನಾನು ಕೇಳಿದ್ದೆಲ್ಲ ಅರ್ಧರ್ಧ ಕತೆ ಎಂದು ಆಗ ತಿಳಿಯಿತು, ಯಾವ ಗಾಡಿಯೂ ಊರು ಮುಟ್ಟಿರಲೇ ಇಲ್ಲ!

ಆದರೆ ಆಶ್ಚರ್ಯ ಕಾದಿದ್ದು ಮುಂಜಾನೆ. ಎರಡನೆಯ ವಾರದ ಒಂದು ದಿನ ಶೆಡ್ಡಿನಲ್ಲಿ ನಿಂತು ನೋಡುತ್ತೇನೆ, ನಾನು ವರ್ಷಗಳಿಂದ ನೀಲಿ ಎಂದು ಒಂದೇ ಗುರುತು ಹಾಕುತ್ತಿದ್ದ ಸಾಲಿನಲ್ಲಿ ಮೂರು ನೀಲಿ! ಹಾಲು ಬೆರೆಸಿದಂಥದೊಂದು, ಮಳೆ ಬರುವ ಮೊದಲಿನ ಮೋಡದಂಥದೊಂದು, ಪಾರಿವಾಳದ ಕತ್ತಿನಂಥದು ಇನ್ನೊಂದು. ನನ್ನ ಜೊತೆಯ ಹೆಂಗಸರನ್ನು ಕೂಗಿ ಕರೆದೆ, ಬರ್ರಿ ಬರ್ರಿ ಎಂದು ಕುಣಿದೆ. ಸೇರಿದ ಹೊಸದರಲ್ಲಿ ಇವೆಲ್ಲ ನನಗೆ ಕಾಣುತ್ತಿದ್ದವು, ಯಾವಾಗ ಕಾಣುವುದು ನಿಂತಿತೋ ಗೊತ್ತೇ ಆಗಿರಲಿಲ್ಲ. ಹಿಂದಿನ ಸಂಜೆಯ ಮೆಸೇಜುಗಳು ಮುಂಜಾನೆಯವರೆಗೂ ಕಣ್ಣಿಗೆ ಮೆತ್ತಿಕೊಂಡು ಇರುತ್ತಿದ್ದವೋ ಏನೋ. ಕಣ್ಣು ಮರಳಿ ಬಂದದ್ದಕ್ಕೆ ಆ ದಿನ ಎಲ್ಲರಿಗೂ ಮಿರ್ಚಿ ಭಜಿ ತರಿಸಿದೆ.

ತಿಂಗಳಲ್ಲಿ ಹನ್ನೊಂದು ಲಾರಿ ಹೋದವು. ಹನ್ನೊಂದನೆಯದು ಸೇಡಂಗೆ ಹೋಯಿತು. ನೆಲಕ್ಕೆ ಹಾಕಿ, ಒಣಗಿಸಿ, ಗಿರಾಕಿ ಫೋನು ಮಾಡಿದ್ದು ನಿನ್ನೆ ಮಧ್ಯಾಹ್ನ: "ಒಂದೇ ಕಲ್ಲ ಹಾಸಿದಂಗ ಅದರಿ." ಒಂದು ಚೂರೂ ವಾಪಸ್ ಬರಲಿಲ್ಲ! ಸಾವುಕಾರರು ನಾಲ್ಕು ಗಂಟೆಗೆ ಎಲ್ಲರಿಗೂ ಚಹಾ ತರಿಸಿ, ಶೆಡ್ಡಿನಲ್ಲಿ ಕೂರಿಸಿ, "ಗೆದ್ದೀ ಸುನಂದವ್ವಾ. ಮಾತಾಡು" ಎಂದರು.

ಮಾತಾಡು ಎಂದರೆ ಬಿಡುವ ಪೈಕಿಯೇ ನಾನು? ಕಪ್ಪು ಕೆಳಗಿಟ್ಟು ಎದ್ದು ನಿಂತೆ. ಮನುಷ್ಯನಿಗೆ ವಿಶ್ರಾಂತಿ ಎಷ್ಟು ಮುಖ್ಯ, ಡ್ರೈವರುಗಳು ಹೇಗೆ ಮಲಗುತ್ತಾರೆ, ನಮ್ಮಪ್ಪನ ಅಂಗಿ ಗೂಟದಲ್ಲಿ ಹೇಗೆ ಇರುತ್ತಿತ್ತು, ಎಲ್ಲ ಹೇಳಿದೆ. ಕೊನೆಗೆ ಚಿಮ್ಮನಚೋಡದ ಕತೆಗೆ ಬಂದು, "ಆರತಿ ತಾಟ ಕೈಯಾಗ ಹಿಡದೀನಿ, ಆಗ ಮೆಸೇಜ್ ಬಂತು! ಬರಲಿಲ್ಲಂದ್ರ ಆ ಒದ್ದಿ ಕಲ್ಲಿನ ಫೋಟೋ ನಾ ಯಾಕ ನೋಡ್ತಿದ್ದೆ?" ಎಂದು ಕೈ ಎತ್ತಿ ಕೇಳಿದೆ. ಸಾವುಕಾರರು ತಲೆ ತಗ್ಗಿಸಿದರು. ನನಗೆ ಭಾಳ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆಗ ಖಾಜಾಭಾಯಿ ಮೆತ್ತಗೆ, "ಅಕ್ಕಾ, ನಾ ಹೇಳಿದ್ದೆರಿ. ಒಣಗ್ಲಿ ಅಂತ" ಎಂದರು.

"ಯಾವಾಗ ಹೇಳೀರಿ?" ಎಂದೆ. ನಿಜಕ್ಕೂ ನನಗೆ ನೆನಪಿರಲಿಲ್ಲ.

ಅವರು ಫೋನು ತೆಗೆದು, ಬೆರಳಿನಿಂದ ಹಿಂದಕ್ಕೆ ಹಿಂದಕ್ಕೆ ಸರಿಸಿ, ಒಂದು ಕಡೆ ಒತ್ತಿದರು. ಮೊದಲು ಅವರದೇ ಧ್ವನಿ ಬಂತು: "ಅಕ್ಕಾ, ಮನಿಗಿ ಬಂದೀನಿ, ರೋಜಾ ಬಿಡೋ ಟೈಮ್ ಅದ. ಕಲ್ಲು ಇನ್ನಾ ಒದ್ದಿ ಅವ, ಒಣಗ್ಲಿ. ಮುಂಜಾನಿ ಜಲ್ದಿ ಹೋಗಿ ಫೋಟೋ ಕಳಸ್ತೀನಿ." ಅದರ ಹಿಂದೆಯೇ ನನ್ನ ಧ್ವನಿ. ಹಿಂದೆ ಪೆಂಡಾಲಿನ ಹಾಡು, ಮುಂದೆ ನಾನು: "ಖಾಜಾಭಾಯಿ, ಏನಿಲ್ಲ... ಒಣಗೋದು ಆಮ್ಯಾಲ ನೋಡೋಣ, ಈಗ ಹೋಗಿ ಒಂದು ಫೋಟೋ ಹೊಡದು ಕಳಸ್ರಿ. ಸಾವ್ಕಾರ್ರು ಕಾಯ್ಲಿಕತ್ತಾರ. ಎರಡ ನಿಮಿಷದ ಕೆಲಸ."

ರಂಜಾನಿನ ಉಪವಾಸದಲ್ಲಿ ಹಗಲಿಡೀ ನೀರು ಕೂಡ ಮುಟ್ಟದ ಮನುಷ್ಯ, ಮುಂದೆ ಖರ್ಜೂರದ ತಟ್ಟೆ ಇಟ್ಟುಕೊಂಡು ಬಾಂಗು ಕೇಳಲು ಕೂತವರು, ನನ್ನ ಎರಡು ನಿಮಿಷಕ್ಕಾಗಿ ಎದ್ದು ಸೈಕಲ್ ಹತ್ತಿ ಕಾರ್ಖಾನೆಗೆ ಬಂದಿದ್ದರು. ನಾನು ತಿಂಗಳಾನುಗಟ್ಟಲೆ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದು ನನ್ನ ಆರತಿ ತಟ್ಟೆಯ ಕತೆ. ಅವರ ತಟ್ಟೆ ನನಗೆ ನೆನಪೇ ಇರಲಿಲ್ಲ. ಇನ್ನೂ ಒಂದು ಮಾತು: ಆ ಧ್ವನಿಯ ಕೆಳಗೆ ಮೊನ್ನೆಯವರೆಗಿನ ನನ್ನ ಧ್ವನಿಗಳು ಸಾಲಾಗಿ ಕೂತಿದ್ದವು. ನಾನು ಮನಸ್ಸು ಹಗುರ ಮಾಡಿಕೊಂಡ ಒಂದೊಂದು ಸಂಜೆಯದೂ ಅಲ್ಲಿತ್ತು. ಸಾವುಕಾರರ ಪೀಠಿಕೆಯನ್ನು ನಾನು ಕಲಿತದ್ದು ಕೂಡ ನನಗೆ ಅಲ್ಲೇ ಗೊತ್ತಾದದ್ದು.

"ತಪ್ಪಾಯ್ತು ಖಾಜಾಭಾಯಿ" ಎಂದೆ. ಬೇರೆ ಏನು ಹೇಳಲಿ? ಆಮೇಲೆ ಸಾವುಕಾರರ ಕಡೆ ತಿರುಗಿ, "ಗೇಟಿನ ಕೀಲಿ ಕೊಡ್ರಿ, ನಾ ಅಲ್ಲೇ ಕುಂದರ್ತೀನಿ" ಎಂದೆ.

ಸಾವುಕಾರರಿಗೆ ಈಗ ತಲೆ ಎತ್ತಲು ಧೈರ್ಯ ಬಂದಿತ್ತು. "ನೀ ಗೇಟಿನ್ಯಾಗ ಕುಂತ್ರ ಅಲ್ಲಿಂದ ಲಾರಿಯವರಿಗಿ ಮೆಸೇಜ್ ಹಚ್ಚತೀ. ಬ್ಯಾಡ. ಬಣ್ಣದ ಕೆಲಸ ನಿಂದೇ ಇರ್ಲಿ. ಆರು ಹೊಡದ ಮ್ಯಾಲ ಯಾರೂ ಯಾರಿಗೂ ಇಲ್ಲ, ನಾನೂ ಇಲ್ಲ, ನೀನೂ ಇಲ್ಲ" ಎಂದರು. ಎಲ್ಲರೂ ನಕ್ಕರು. ಖಾಜಾಭಾಯಿ ಮಾತ್ರ ನಗಲಿಲ್ಲ, ತಣ್ಣಗಾದ ಚಹಾ ಕುಡಿದು ಮಶೀನಿನ ಕಡೆ ಹೋದರು.

ನಿನ್ನೆ ಸಂಜೆ ಮನೆಗೆ ಬಂದೆ. ಆರೂವರೆಗೆ ನಾಳೆಯ ಮೂರು ಕೆಲಸ ನೆನಪಾದವು. ಕೈ ತಾನಾಗಿಯೇ ಫೋನಿನ ಮೇಲೆ ಹೋಯಿತು, ತೆಗೆದೆ. ಮತ್ತೆ ಹೋಯಿತು, ಮತ್ತೆ ತೆಗೆದೆ. ಕಣ್ಣು ಗಡಿಯಾರದ ಮೇಲೆ, ಮನಸ್ಸು ಮಶೀನಿನ ಮೇಲೆ. ಸಾವುಕಾರರು ಮೊದಲ ವಾರ ಹೇಗೆ ಒದ್ದಾಡಿರಬೇಕು ಎಂದು ಆಗ ತಿಳಿಯಿತು. ಏಳೂಕಾಲಿಗೆ ಫೋನು ಗುರ್ ಎಂದಿತು. ಖಾಜಾಭಾಯಿ! ನಿಯಮ ಹುಟ್ಟಿ ಮೂರು ಗಂಟೆ ಆಗಿಲ್ಲ, ಮುರಿಯುವಂಥದ್ದು ಏನಾಯಿತು? ಎತ್ತಿದೆ.

"ಅಕ್ಕಾ, ಸಿಟ್ಟಾಗೀರೇನ್ರಿ?"

"ಯಾಕ? ಮಶೀನ್ ನಿಂತದೇನು?"

"ಮಶೀನ್ ಛಲೋ ಅದ. ಏಳು ಹೊಡೀತು, ನಿಮ್ಮ ಮೆಸೇಜ್ ಬರಲಿಲ್ಲ. ಮಂದಿಯೊಳಗ ಅಕ್ಕಗ ಹಂಗ ಮಾಡಬಾರದಿತ್ತು, ಸಿಟ್ಟಾಗ್ಯಾರ, ಫೋನ್ ಹಚ್ಚಿ ಕೇಳ್ರಿ ಅಂತ ನಮ್ಮ ಮನಿಯಾಕಿ ಗಂಟು ಬಿದ್ದಾಳರಿ."

ನಾನು ನಗತೊಡಗಿದೆ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. "ಸಿಟ್ಟಲ್ಲರಿ ಖಾಜಾಭಾಯಿ. ಆರು ಹೊಡದದ, ಅದಕ್ಕ ಕಳಸಿಲ್ಲ" ಎಂದೆ. ಆ ಕಡೆ ಅವರೂ ನಕ್ಕರು. ಹಿಂದಿನಿಂದ ಒಂದು ಹೆಣ್ಣು ಧ್ವನಿ, "ನನಗ ಕೊಡ್ರಿ, ನನಗ ಕೊಡ್ರಿ" ಎಂದು ಫೋನು ಕಸಿದುಕೊಂಡಿತು. ಊಟ ಆಯಿತೇನು, ಮಂಡಿನೋವು ಹೇಗಿದೆ, ಈ ಸಲ ಉಪ್ಪಿನಕಾಯಿಗೆ ಎಲ್ಲಿಯ ಮಾವಿನಕಾಯಿ ತಂದಿರಿ ಎಂದು ಶುರುವಾದದ್ದು, ಅವರ ಮಗಳ ಪರೀಕ್ಷೆ, ನನ್ನ ತಂಗಿಯ ಮಗಳ ಹೆರಿಗೆ, ಎಲ್ಲ ಸುತ್ತಿ ಬಂತು. ಕಲ್ಲಿನ ಮಾತು ಒಂದೂ ಬರಲಿಲ್ಲ. ಫೋನು ಇಡುವಾಗ ನೋಡಿದರೆ ಇಪ್ಪತ್ತೆರಡು ನಿಮಿಷ!

ಆ ಮನೆಗೆ ಕಳಿಸಿದ ಅಷ್ಟೂ ಧ್ವನಿಗಳಲ್ಲಿ ನಾನು ಖಾಜಾಭಾಯಿಯ ಮನೆಯಾಕೆಯನ್ನು ಒಮ್ಮೆಯೂ ವಿಚಾರಿಸಿರಲಿಲ್ಲ. ಹತ್ತೊಂಬತ್ತು ವರ್ಷದ ಮೇಲೆ ನಿನ್ನೆ ಆಕೆಯ ಹೆಸರು ಕೇಳಿದೆ. ಜುಲೇಖಾ ಅಂತೆ.